ಅತ್ತೆಗೆ ಸಿಕ್ಕ ಆರನೇ ದರ್ಜೆ

ಈ ವರ್ಷದ ಜನವರಿಯವರೆಗೂ ಪ್ರತಿ ತಿಂಗಳ ಏಳನೇ ತಾರೀಖು ಅತ್ತೆ ಮೊಳಕಾಲ್ಮೂರಿನಿಂದ ಚಳ್ಳಕೆರೆಗೆ ಬರುತ್ತಿದ್ದರು. ನನ್ನ ಡೈರಿಯಲ್ಲಿ ಉಳಿದ ದಿನಗಳಿಗೆ ಐದಾರು ಸಾಲು ಸಾಕು: ಎದ್ದ ಹೊತ್ತು, ಆಫೀಸಿನಲ್ಲಿ ಮುಗಿಸಿದ ಕೆಲಸ, ಖರ್ಚು, ಓದಿದ ಪುಟ. ಏಳನೇ ತಾರೀಖಿಗೆ ಮಾತ್ರ ಪುಟ ಸಾಲುತ್ತಿರಲಿಲ್ಲ.

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ರೇಷ್ಮೆ ಸೀರೆ ನೇಯಿಸುತ್ತಾರೆ. ನೂಲು, ಜರಿ ಅವರದು. ಮಗ್ಗಗಳು ಆರು ನೇಕಾರರ ಮನೆಗಳಲ್ಲಿವೆ. ಸೀರೆಗಿಷ್ಟು ಎಂದು ಮಜೂರಿ ಕೊಡುತ್ತಾರೆ. ತಿಂಗಳ ಸೀರೆಗಳನ್ನೆಲ್ಲ ಬಿಳಿ ಪಂಚೆಯಲ್ಲಿ ಗಂಟು ಕಟ್ಟಿ, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ದಾರಿಯಲ್ಲಿ ಸಿಗುವ ಹಾನಗಲ್ ಎಂಬ ಹಳ್ಳಿ ದಾಟಿ ಚಳ್ಳಕೆರೆ ಮುಟ್ಟುವವರೆಗೂ ಆ ಗಂಟನ್ನು ತೊಡೆಯಿಂದ ಇಳಿಸುವುದಿಲ್ಲ. ಚಳ್ಳಕೆರೆಯಲ್ಲಿ ಅವರಿಗೆ ಮೂರು ಕೆಲಸ. ಮೊದಲು ಪೇಟೆಯ ಸೀರೆ ಅಂಗಡಿಗೆ ಹೋಗಿ ಗಂಟು ಒಪ್ಪಿಸಿ ಹಣ ಪಡೆಯುವುದು. ಆಮೇಲೆ ಬ್ಯಾಂಕಿಗೆ ಹೋಗಿ ಸಾಲದ ಕಂತು ಕಟ್ಟುವುದು. ಕೊನೆಗೆ ನಮ್ಮ ಮನೆಗೆ ಬಂದು, ಮುದ್ದೆ ಉಂಡು, ನಮ್ಮವ್ವನ ಸಾರಿಗೆ ಉಪ್ಪು ಕಮ್ಮಿ ಎಂದು ಹೇಳುವುದು.

ನಾನು ಬಿ.ಕಾಂ. ಮುಗಿಸಿ ಇಲ್ಲಿನ ಆಡಿಟರ್ ಒಬ್ಬರ ಆಫೀಸಿನಲ್ಲಿ ಕೆಲಸಕ್ಕೆ ಸೇರಿ ಇದು ಮೂರನೇ ವರ್ಷ. ಹಾಗಾಗಿ ಬ್ಯಾಂಕಿನಿಂದ ಏನೇ ಬಂದರೂ ಅತ್ತೆ ಅದನ್ನು ನನ್ನ ಮುಂದೆ ಇಡುತ್ತಾರೆ. ಹೋದ ದೀಪಾವಳಿ ಕಳೆದ ಮೇಲೆ ಅವರು ಸಾಲದ ಮಿತಿ ಏರಿಸಿಕೊಡಿ ಎಂದು ಅರ್ಜಿ ಕೊಟ್ಟಿದ್ದರು. ಮದುವೆ ಕಾಲ ಬರುವ ಮೊದಲೇ ನೂಲು ಕೊಂಡು ಮಗ್ಗಕ್ಕೆ ಏರಿಸಬೇಕು. ನೂಲಿನ ಬೆಲೆ ಏರಿತ್ತು. ಇದ್ದ ಮಿತಿಯಲ್ಲಿ ನಾಲ್ಕು ಮಗ್ಗಕ್ಕೆ ಮಾತ್ರ ಸಾಲುತ್ತಿತ್ತು. ಮಗ್ಗ ಖಾಲಿ ಕೂತರೆ ನೇಕಾರ ಬೇರೆ ದಾರಿ ಹುಡುಕಲೇಬೇಕು. ಆಂಧ್ರದ ಕಡೆಯ ಪವರ್‌ಲೂಮಿನವರು ಮುಂಗಡ ಕೊಟ್ಟು ಕರೆಯುತ್ತಿದ್ದರು. ಹಾಗೆ ಹೋದವರು ಹೆಂಡತಿ ಮಕ್ಕಳೊಡನೆ ಹೋಗುತ್ತಾರೆ, ಮಗ್ಗವನ್ನು ಬಿಚ್ಚಿ ಅಟ್ಟಕ್ಕೆ ಹಾಕುತ್ತಾರೆ, ಮತ್ತೆ ಜೋಡಿಸುವುದು ಅಪರೂಪ. ಆರು ಮನೆಗಳಲ್ಲಿ ಎರಡು ಹೀಗೆ ಖಾಲಿಯಾದಾವು ಎಂಬುದು ಅತ್ತೆಯ ಭಯ.

ಡಿಸೆಂಬರಿನ ಏಳರಂದು ಬ್ಯಾಂಕಿನ ಉತ್ತರ ಕೈಗೆ ಬಂತು. ಮಿತಿ ಈಗ ಏರಿಸಲಾಗುವುದಿಲ್ಲ, ಹತ್ತು ದರ್ಜೆಗಳಲ್ಲಿ ನಿಮ್ಮ ವ್ಯಾಪಾರದ ದರ್ಜೆ ಆರು, ಐದು ಅಥವಾ ಅದಕ್ಕಿಂತ ಉತ್ತಮ ಇದ್ದರೆ ಮಾತ್ರ ಪರಿಶೀಲಿಸಬಹುದು ಎಂದಿತ್ತು. ನಾನು ಓದಿ ಹೇಳಿದಾಗ ಅತ್ತೆ ಗಾಬರಿಯಾಗಲಿಲ್ಲ.

"ಹತ್ತಕ್ಕೆ ಆರು ಬಂದ್ರೆ ಫಸ್ಟ್ ಕ್ಲಾಸ್ ಅಲ್ವೇನೇ?"

"ಇದು ಉಲ್ಟಾ ಲೆಕ್ಕ ಅತ್ತೆ. ಒಂದು ಬಂದ್ರೆ ಸಾಲ ವಾಪಸ್ ಬರೋ ಭರವಸೆ ಜಾಸ್ತಿ. ಹತ್ತು ಬಂದ್ರೆ ಮುಳುಗೋ ಭಯ ಜಾಸ್ತಿ."

"ಉಲ್ಟಾ ಕೋಲು ಹಿಡ್ಕೊಂಡು ನನ್ನ ಅಳೀತಾರಾ ಇವ್ರು?" ಎಂದು ಅತ್ತೆ ಮುದ್ದೆ ಮುರಿದರು. ಅವತ್ತು ಸಾರಿನ ಉಪ್ಪಿನ ಬಗ್ಗೆ ಏನೂ ಹೇಳಲಿಲ್ಲ. ಅದನ್ನು ಕಂಡು ಅವ್ವನಿಗೆ ಗಾಬರಿಯಾಯಿತು.

ನನಗೆ ಬಂದದ್ದು ಸಿಟ್ಟು. ಒಂದು ಕಂತನ್ನೂ ಬಾಕಿ ಉಳಿಸಿಕೊಳ್ಳದವರಿಗೆ, ಕೆಮ್ಮಿದರೂ ಬಿಲ್ಲು ಕೇಳುವವರಿಗೆ, ಈ ಸಂಖ್ಯೆ ಹೇಗೆ ಬಂತು? ಆಫೀಸಿನಿಂದ ಅರ್ಧ ದಿನ ರಜೆ ಕೇಳಿಕೊಂಡು ಅತ್ತೆಯ ಜೊತೆ ಬ್ಯಾಂಕಿಗೆ ಹೋದೆ. ಸಾಲದ ವಿಭಾಗದಲ್ಲಿ ಒಬ್ಬ ಮೇಡಂ ಇದ್ದರು. ಬೇರೆ ಜಿಲ್ಲೆಯಿಂದ ವರ್ಗವಾಗಿ ಬಂದು ಆಗಿನ್ನೂ ಹೆಚ್ಚು ದಿನವಾಗಿರಲಿಲ್ಲ. ಅವರ ಮೇಜಿನ ಮುಂದೆ ಜನ ಇದ್ದರೂ ನಮ್ಮನ್ನು ಕೂರಿಸಿ, ಅತ್ತೆಯ ಖಾತೆಯನ್ನು ತೆರೆದು ನೋಡಿದರು.

"ಕಂತು ಯಾವತ್ತಾದ್ರೂ ತಪ್ಪಿಸಿದೀನೇನ್ರಿ ನಾನು?" ಅತ್ತೆ ಕೇಳಿದರು.

"ತಪ್ಪಿಸಿಲ್ಲಮ್ಮ. ತಡ ಮಾಡಿದೀರ. ಕೆಲವು ತಿಂಗಳು ಒಂದು ದಿನ, ಕೆಲವು ತಿಂಗಳು ಮೂರು ದಿನ. ಉಳಿದ ತಿಂಗಳೆಲ್ಲ ಸರಿಯಾಗಿ ಏಳಕ್ಕೇ ಕಟ್ಟಿದೀರ. ಹೀಗೆ ಹಿಂದೆ ಮುಂದೆ ಆದ್ರೆ, ಇವರು ದುಡ್ಡು ಹೊಂದಿಸೋಕೆ ಒದ್ದಾಡ್ತಿದಾರೆ ಅಂತ ಲೆಕ್ಕ ಹಾಕ್ತಾರೆ."

"ಒದ್ದಾಟ ಏನಿಲ್ಲ ಮೇಡಮ್ಮೋರೆ. ದುಡ್ಡು ಸೊಂಟದಾಗೇ ಇತ್ತು. ಅವತ್ತು ಮಂಗಳವಾರ ಅಲ್ವಾ."

ಮೇಡಂ ನನ್ನ ಕಡೆ ನೋಡಿದರು. ನಾನು ಮೇಜಿನ ಮೇಲಿದ್ದ ಪಿನ್ನಿನ ಡಬ್ಬಿ ನೋಡಿದೆ.

"ಮಂಗಳವಾರ, ಶುಕ್ರವಾರ ಲಕ್ಷ್ಮೀನ ಆಚೆ ಕಳಸಲ್ಲ ನಾವು," ಅತ್ತೆ ವಿವರಿಸಿದರು. "ನಮ್ಮತ್ತೆ ಕಾಲದಿಂದ ಹಂಗೇ."

"ಮತ್ತೆ ಅವತ್ತೇ ಅಂಗಡಿಯವರ ಹತ್ರ ದುಡ್ಡು ತಗೊಂಡಿದೀರಲ್ಲ?"

"ಬರೋ ಲಕ್ಷ್ಮಿಗೆ ಯಾವ ವಾರ ಆದ್ರೇನ್ರಿ? ಬ್ಯಾಡ ಅನ್ನೋಕಾಗುತ್ತಾ?"

ಪಕ್ಕದ ಮೇಜಿನವರು ಕೆಲಸ ನಿಲ್ಲಿಸಿ ಕೇಳುತ್ತಿದ್ದರು. ಏಳನೇ ತಾರೀಖು ಮಂಗಳವಾರ ಬಂದರೆ ಅತ್ತೆ ನಮ್ಮ ಮನೆಯಲ್ಲಿ ಉಳಿದು ಬುಧವಾರ ಕಟ್ಟುತ್ತಿದ್ದರು. ಅದು ನನಗೆ ಗೊತ್ತಿತ್ತು, ತಮ್ಮನ ಮನೆಯಲ್ಲಿ ಒಂದು ರಾತ್ರಿ ಇರುವ ಆಸೆ ಎಂದುಕೊಂಡಿದ್ದೆವು. ಶುಕ್ರವಾರ ಬಂದರೆ ಹಣ ತೆಗೆದುಕೊಂಡು ಊರಿಗೆ ಹೋಗಿ, ಸೋಮವಾರ ಮತ್ತೆ ಬಸ್ಸು ಹತ್ತಿ ಬರುತ್ತಿದ್ದರು. ಏಳು ಶುಕ್ರವಾರವಾದರೆ ಎಂಟು ಎರಡನೇ ಶನಿವಾರ, ಬ್ಯಾಂಕಿಗೆ ರಜೆ. ಕ್ಯಾಲೆಂಡರಿನಲ್ಲಿ ಯಾವ ವರ್ಷ ತೆಗೆದರೂ ಇದು ತಪ್ಪುವುದಿಲ್ಲ. ಅಲ್ಲಿಗೆ ಮೂರು ದಿನದ ತಡ.

"ಖಾತೆಯಿಂದ ತಾನಾಗೇ ಕಟ್ಟಾಗೋ ಹಾಗೆ ಮಾಡಿಕೊಡ್ಲಾ?" ಮೇಡಂ ಕೇಳಿದರು.

"ತಾನಾಗೇ ಹೋದ್ರೂ ಹೋದಂಗೇ ಅಲ್ವೇನ್ರಿ?"

"ಹಾಗಾದ್ರೆ ಹಿಂದಿನ ದಿನ ಕಟ್ಟಿಬಿಡಿ. ಸೋಮವಾರ, ಗುರುವಾರ."

"ಹಿಂದಿನ ದಿನ ದುಡ್ಡಿರಲ್ಲ. ಸೀರೆ ಅಂಗಡಿ ಭಾಯ್ ಕೊಡೋದೇ ಏಳಕ್ಕೆ."

ಅಲ್ಲಿಯವರೆಗೆ ನಗುತ್ತಿದ್ದ ಮೇಡಂ ಈ ಮಾತಿಗೆ ನಗು ನಿಲ್ಲಿಸಿದರು. "ಅಮ್ಮ, ವಾರದ ವಿಷಯ ಚಿಕ್ಕದು. ನಿಮ್ಮ ದರ್ಜೆಗೆ ದೊಡ್ಡ ಪೆಟ್ಟು ಬಿದ್ದಿರೋದು ಇಲ್ಲಿ. ನಾನೊಂದು ಸಲ ಮಗ್ಗ ನೋಡೋಕೆ ಬರ್ತೀನಿ, ಅಲ್ಲೇ ಮಾತಾಡೋಣ," ಎಂದರು.

ಅಮಾವಾಸ್ಯೆಯ ದಿನ ನಮ್ಮ ಕಡೆ ಮಗ್ಗ ನಿಲ್ಲಿಸುತ್ತಾರೆ. ಅವತ್ತು ಬಂದರೆ ಸದ್ದೇ ಇಲ್ಲದ ಮನೆಗಳನ್ನು ಕಂಡು ವ್ಯಾಪಾರ ನಿಂತಿದೆ ಎಂದು ಬರೆದುಕೊಂಡಾರು ಎಂದು ನಾನೇ ಬುಧವಾರವೊಂದನ್ನು ಸೂಚಿಸಿದೆ. ನಾನೂ ರಜೆ ಹಾಕಿ ಹೋಗಿದ್ದೆ. ಮೇಡಂ ಹೇಳಿದ ಹೊತ್ತಿಗೆ ಮೊಳಕಾಲ್ಮೂರಿಗೆ ಬಂದರು. ಅತ್ತೆ ಅವರನ್ನು ಮೊದಲು ಹಿರಿಯ ನೇಕಾರರ ಮನೆಗೆ ಕರೆದೊಯ್ದರು. ಈ ಹಿರಿಯರು ಅತ್ತೆಯ ಗಂಡ, ನಮ್ಮ ಮಾವ, ಇದ್ದ ಕಾಲದಿಂದಲೂ ನಮ್ಮ ಸೀರೆ ನೇಯುವವರು. ಮನೆಮಾತು ತೆಲುಗು, ಕನ್ನಡದ ನಡುವೆಯೂ ಅದು ಇಣುಕುತ್ತದೆ.

"ನಮ್ಮಮ್ಮಗೆ ನಂಬರ್ ಕೊಟ್ಟೋರು ನೀವೇನಾ ಮೇಡಂ? ನಮಗೂ ಒಂದೊಂದು ಕೊಟ್ಟು ಹೋಗ್ರಿ," ಎಂದರು ಅವರು, ಲಾಳಿ ನಿಲ್ಲಿಸದೆ.

"ನಿಂಗೆ ಹತ್ತು ಕಣಣ್ಣ," ಅತ್ತೆ ಹೇಳಿದರು. "ವಾರಕ್ಕೆ ಕೊಡೋ ಸೀರೇನ ಹದಿನೈದು ದಿನ ಎಳೀತೀಯ."

"ಏಮ್ಮಾ, ಬಂದೋರ ಎದುರಿಗೇ ಹಿಂಗಂತೀಯಾ? ನಿಧಾನಕ್ಕೆ ನೇಯ್ದಿದ್ದಕ್ಕೇ ಅಲ್ವಾ ನಿನ್ನ ಭಾಯ್ ಕಣ್ಣು ಮುಚ್ಕೊಂಡು ತಗೊಳ್ಳೋದು."

ಮೇಡಂ ಚಾಪೆಯ ಮೇಲೆ ಕೂತರು. ಅತ್ತೆಯ ಪರವಾಗಿ ಇದ್ದದ್ದನ್ನು ಮೊದಲು ಹೇಳಿದರು. ವರ್ಷಗಳಿಂದ ಒಂದೇ ಕಸುಬು. ಜಿಎಸ್‌ಟಿ ವಿವರ ಹೊತ್ತಿಗೆ ಸರಿಯಾಗಿ ಹೋಗಿದೆ. ಮಾರಾಟದ ಹಣ ಬಹುಪಾಲು ಖಾತೆಯ ಮೂಲಕವೇ ಓಡಾಡಿದೆ, ಆದ್ದರಿಂದ ವ್ಯಾಪಾರ ಎಷ್ಟು ದೊಡ್ಡದು ಎಂದು ಬ್ಯಾಂಕಿಗೆ ಕಾಣುತ್ತದೆ. ಇಲ್ಲಿ ಮಗ್ಗಗಳೂ ನಡೆಯುತ್ತಿವೆ. ಆಮೇಲೆ ವಿರುದ್ಧವಾದದ್ದು. ಕಂತು ಕಟ್ಟಿದ ದಿನಗಳ ಏರುಪೇರು. ಸಾಲದ ಖಾತೆ ಯಾವಾಗಲೂ ಮಿತಿಯ ಅಂಚಿನಲ್ಲೇ ನಿಂತಿರುವುದು. ಅಂದರೆ ಅನಿರೀಕ್ಷಿತ ಖರ್ಚು ಬಂದರೆ ಕೈಯಾಡಲು ಜಾಗವಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಹತ್ತರಲ್ಲಿ ಒಂದು ಊರಿನವರು ಮನೆಗೆ ಬಂದು ಕೊಂಡರೆ, ಉಳಿದ ಒಂಬತ್ತು ಸೀರೆ ಒಂದೇ ಅಂಗಡಿಗೆ ಹೋಗುವುದು.

"ಎರಡು ವರ್ಷದ ಹಿಂದೆ ಒಂದೂವರೆ ತಿಂಗಳು ನಿಮ್ಮ ಖಾತೆಗೆ ದುಡ್ಡೇ ಬಂದಿಲ್ಲ. ಏನಾಗಿತ್ತಮ್ಮ?"

"ಭಾಯ್‌ಗೆ ಎದೆ ಆಪರೇಷನ್ ಆಗಿತ್ತು. ಅಂಗಡಿ ಬಾಗ್ಲು ಹಾಕಿತ್ತು."

"ಅವಾಗ ಇವರಿಗೆಲ್ಲ ಮಜೂರಿ?"

ಅತ್ತೆ ಬಾಳೆಹಣ್ಣು ತರುತ್ತೇನೆಂದು ಎದ್ದರು. ಹಿರಿಯ ನೇಕಾರರು ಲಾಳಿ ನಿಲ್ಲಿಸಿ ಹೇಳಿದರು: "ಬಳೆ ಅಡ ಇಟ್ಟು ಕೊಟ್ಟಿತ್ತು ನಮ್ಮಮ್ಮ. ನಮಗೇನು ಗೊತ್ತಿಲ್ಲ ಅಂದ್ಕೊಂಡೈತೆ."

ಹೊರಡುವಾಗ ಮೇಡಂ ನನ್ನ ಜೊತೆ ಓಣಿಯಲ್ಲಿ ನಡೆದರು. ನನ್ನ ಸಿಟ್ಟು ಮುಖದಲ್ಲಿ ಕಾಣುತ್ತಿತ್ತೇನೋ. "ನಿಮ್ಮತ್ತೆ ಎಂಥ ಮನುಷ್ಯರು ಅಂತ ಈ ದರ್ಜೆ ಹೇಳೋದಿಲ್ಲ," ಎಂದರು. "ಅದನ್ನ ಹೇಳೋ ಶಕ್ತಿ ಅದಕ್ಕಿಲ್ಲ. ನಾಳೆ ಒಂದು ಕೆಟ್ಟ ತಿಂಗಳು ಬಂದ್ರೆ ಈ ವ್ಯಾಪಾರ ನಿಲ್ಲುತ್ತಾ, ಬೀಳುತ್ತಾ, ಅಷ್ಟೇ ಅದು ಕೇಳೋದು. ಹೋದ ಸಲ ಬಳೆ ಇತ್ತು. ಮುಂದಿನ ಸಲ?" ಆರು ತಿಂಗಳಿಗೆ ದರ್ಜೆಯನ್ನು ಮರುಪರಿಶೀಲಿಸಲು ತಾವೇ ಬರೆದಿಡುವುದಾಗಿ ಹೇಳಿ, ಅತ್ತೆ ಕೊಟ್ಟ ಬಾಳೆಹಣ್ಣಿನಲ್ಲಿ ಒಂದನ್ನು ಮಾತ್ರ ತೆಗೆದುಕೊಂಡು ಬಸ್ಸು ಹತ್ತಿದರು. ಅವತ್ತಿನ ಡೈರಿಯಲ್ಲಿ ಕೆಟ್ಟ ತಿಂಗಳಿನ ಬಗ್ಗೆ ಅವರು ಆಡಿದ ಮಾತನ್ನು ಹಾಗೆಯೇ ಬರೆದುಕೊಂಡಿದ್ದೇನೆ. ಆಮೇಲೆ ಆಫೀಸಿನಲ್ಲಿ ಯಾರ ದರ್ಜೆಯ ಕಾಗದ ಬಂದರೂ ನಾನು ಕೇಳುವ ಮೊದಲ ಪ್ರಶ್ನೆ ಅದೇ.

ಬೇರೆ ಅಂಗಡಿಗೂ ಸೀರೆ ಕೊಡಿ ಎಂದು ಅತ್ತೆಗೆ ಹೇಳುವುದು ಸುಲಭವಿರಲಿಲ್ಲ. ಚಳ್ಳಕೆರೆಯ ಆ ಅಂಗಡಿಯ ಯಜಮಾನರನ್ನು ಎಲ್ಲರೂ ಭಾಯ್ ಎಂದೇ ಕರೆಯುವುದು. ಮಾವ ತೀರಿಕೊಂಡ ವರ್ಷ ಅತ್ತೆ ಮಗ್ಗದಲ್ಲಿ ಉಳಿದಿದ್ದ ಸೀರೆಗಳನ್ನು ನೇಯಿಸಿ ಮುಗಿಸಿ, ಮೊದಲ ಸಲ ತಾವೇ ಪೇಟೆಗೆ ತಂದರು. ಅವರ ಬರಿಯ ಕೊರಳು ನೋಡಿ ಎರಡು ಅಂಗಡಿಯವರು ಅರ್ಧ ಬೆಲೆಗೆ ಕೇಳಿದರಂತೆ. ಭಾಯ್ ಸೀರೆ ಬಿಡಿಸಿ, ಅಂಚು ನೋಡಿ, ಮಾವನಿಗೆ ಕೊಡುತ್ತಿದ್ದ ಬೆಲೆಯನ್ನೇ ಎಣಿಸಿ ಕೊಟ್ಟು, ಮುಂದಿನ ತಿಂಗಳೂ ತನ್ನಿ ಎಂದರು. ಬ್ಯಾಂಕಿಗೆ ಪರಿಚಯ ಮಾಡಿಸಿದವರೂ ಅವರೇ. ಆವತ್ತಿನಿಂದ ಅತ್ತೆ ಬೇರೆ ಅಂಗಡಿಯ ಮೆಟ್ಟಿಲು ಹತ್ತಿರಲಿಲ್ಲ. ಭಾಯ್ ಬೇಡವೆಂದ ಗಿಳಿಹಸಿರು ಸೀರೆಗಳು ಸಹ ಮೊಳಕಾಲ್ಮೂರಿನ ಬೀರುವಿನಲ್ಲಿ ಸುಮ್ಮನೆ ಇದ್ದವು, ಇನ್ನೊಬ್ಬರಿಗೆ ತೋರಿಸುವುದು ಸರಿಯಲ್ಲ ಎಂದು.

"ಆ ಮನುಷ್ಯ ನನ್ನ ಕೈ ಹಿಡಿದಿದ್ದು ಇವ್ರ ಲೆಕ್ಕದಾಗೆ ಅಪಾಯ ಆಯ್ತಾ?" ಎಂದು ಅತ್ತೆ ಕೇಳಿದರು. ಉತ್ತರಕ್ಕೆ ಕಾಯದೆ ಅವರೇ ಹೇಳಿದರು: "ನೂಲು ಸಂಕ್ರಾಂತಿವರೆಗೂ ಬರುತ್ತೆ. ಆಮೇಲೆ ಎರಡು ಮಗ್ಗ ಖಾಲಿ. ನಂಗೂ ಗೊತ್ತೈತೆ ಕಣೇ."

ಜನವರಿಯ ಏಳರಂದು ನಾನೂ ಅಂಗಡಿಗೆ ಹೋದೆ. ಭಾಯ್ ಸೀರೆಗಳನ್ನು ನೋಡಿ, ಹಣ ಕೊಟ್ಟು, ಚಹಾ ತರಿಸಿದರು. ಅತ್ತೆ ಚಹಾ ಮುಟ್ಟಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, ಬ್ಯಾಂಕಿನವರು ಹೀಗೆ ಹೇಳುತ್ತಾರೆ, ನನಗೆ ಮನಸ್ಸಿಲ್ಲ, ನೀವು ಹೂಂ ಅಂದರೆ ಮಾತ್ರ ಇನ್ನೊಂದು ಕಡೆ ನಾಲ್ಕು ಸೀರೆ ಕೊಡುತ್ತೇನೆ, ಬೇಡವೆಂದರೆ ಇಲ್ಲ ಎಂದು ಒಂದೇ ಉಸಿರಿಗೆ ಹೇಳಿದರು.

ಭಾಯ್ ಕನ್ನಡಕ ತೆಗೆದರು. "ಅರೆ ತಂಗಿ, ಹಿಂದೆ ತಿರುಗಿ ನೋಡು. ಆ ಸಾಲು ಧರ್ಮಾವರದ್ದು. ಈ ಸಾಲು ಇಳಕಲ್ಲಿಂದು. ನಿನ್ನೊಬ್ಬಳ ಸೀರೆ ನಂಬ್ಕೊಂಡು ಕೂತಿದ್ರೆ ನಾನು ಎಂದೋ ಶಟರ್ ಎಳೀತಿದ್ದೆ."

"ಅಂದ್ರೆ? ನನ್ನ ಸೀರೆ ಚೆನ್ನಾಗಿಲ್ಲ ಅಂತಾನಾ?"

"ಇವಳ ಜೊತೆ ಮಾತಾಡೋದು ಹೆಂಗಮ್ಮ?" ಎಂದು ಭಾಯ್ ನನ್ನನ್ನು ಕೇಳಿದರು. ಆಮೇಲೆ ದನಿ ಇಳಿಸಿದರು. "ಆಸ್ಪತ್ರೇಲಿ ಮಲಗಿದ್ನಲ್ಲ, ಡಾಕ್ಟರು ದಿನಾ ಬಂದು ಟೆನ್ಷನ್ ಮಾಡ್ಕೋಬೇಡಿ ಅನ್ನೋರು. ಬಾಗ್ಲು ಹಾಕಿದ ಅಂಗಡಿ ಫಿಕರ್ ಇರ್ಲಿಲ್ಲ ನಂಗೆ, ಮನೆ ತಮ್ಮ ನೋಡ್ಕೊಳ್ತಾನೆ. ಮೊಳಕಾಲ್ಮೂರಲ್ಲಿ ಆರು ಮನೆ ಒಲೆ ನನ್ನ ಮ್ಯಾಲೆ ಐತಲ್ಲ ಅಂತ ನಿದ್ದೆ ಬರ್ತಿರಲಿಲ್ಲ. ನಾನೇನಾದ್ರೂ ಹೋಗಿಬಿಟ್ರೆ ಇವಳು ಏನು ಮಾಡ್ತಾಳೆ? ಟೆನ್ಷನ್ ಕೊಟ್ಟೋಳು ನೀನು."

ಅತ್ತೆ ಅಳುವವರಲ್ಲ. ತಣ್ಣಗಾಗಿದ್ದ ಚಹಾ ತೆಗೆದುಕೊಂಡು ಪೂರ್ತಿ ಕುಡಿದರು. "ಮೊದ್ಲೇ ಹೇಳಬಾರದಾ?" ಎಂದರು.

"ನೀನು ಕೇಳಿದ್ಯಾ?"

ನೂಲಿಗೆ ಮುಂಗಡ ಕೊಡಲೇ ಎಂದು ಭಾಯ್ ಕೇಳಿದರು. ಅತ್ತೆ ಬೇಡವೆಂದರು, ಅದು ಭಾಯ್ ಮೇಲೆಯೇ ಮತ್ತಷ್ಟು ಭಾರ ಹೊರಿಸಿದಂತೆ ಎಂದು ಈಗ ಅವರಿಗೆ ತಿಳಿದಿತ್ತು. ಭಾಯ್ ಫೋನು ತೆಗೆದು ಚಿತ್ರದುರ್ಗದ ಒಬ್ಬ ಅಂಗಡಿಯವರಿಗೆ ಮಾತಾಡಿದರು. ಇಟ್ಟ ಮೇಲೆ ಹೇಳಿದರು: "ಮುಂದಿನ ತಿಂಗಳಿಂದ ಐದಕ್ಕೆ ಬಾ. ಏಳಕ್ಕೆ ಅಂತ ನಾನೇನು ಖುರಾನಲ್ಲಿ ಬರೆದಿಟ್ಟಿಲ್ಲ. ನಿನ್ನ ಶುಕ್ರವಾರನೂ ತಪ್ಪುತ್ತೆ."

ಚಿತ್ರದುರ್ಗದವರು ಗಿಳಿಹಸಿರು ಸೀರೆಗಳನ್ನು ಅಷ್ಟನ್ನೂ ತೆಗೆದುಕೊಂಡರು. ಅವರಲ್ಲಿ ಮದುವೆಗೆ ಅದೇ ಬಣ್ಣ ಕೇಳುವವರಿದ್ದರಂತೆ. ಹಣ ಅವತ್ತೇ ಖಾತೆಗೆ ಬಂತು. ಅದರಲ್ಲಿ ಒಂದು ಮಗ್ಗದ ನೂಲಾಯಿತು. ಆರರಲ್ಲಿ ಐದು ತುಂಬಿದವು, ಒಂದು ಉಳಿಯಿತು. ಯಾರದು ಖಾಲಿ ಇಡುವುದು ಎಂದು ಅತ್ತೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೇ ದಿನ ಹಿರಿಯ ನೇಕಾರರೇ ಅತ್ತೆಯ ಮನೆಗೆ ಬಂದರು. ನಾನು ಭಾನುವಾರವೆಂದು ಅಲ್ಲೇ ಇದ್ದೆ.

"ನೂಲು ಹುಡುಗ್ರಿಗೆ ಕೊಡಮ್ಮ. ಅವ್ರಿಗೆ ಕಾಲೈತೆ, ಓಡಿ ಹೋಗ್ತಾರೆ. ನಾನೆಲ್ಲಿಗೆ ಓಡ್ಲಿ?"

"ನಿನ್ನ ಮನೆ ನಡೀಬೇಕಲ್ಲಣ್ಣ?"

"ಅವರ ಮಗ್ಗಕ್ಕೆ ಎಳೆ ಕೂಡಿಸಿ ಕೊಡ್ತೀನಿ, ಆ ಕೂಲಿ ಕೊಡು. ಸಾಲದೆ ಬಂದ್ರೆ ಕೇಳ್ತೀನಿ. ನಾಚ್ಕೆ ಏನಿಲ್ಲ ನಂಗೆ."

ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಹಳೆಯ ಹಾಸಿನ ಎಳೆಗೆ ಹೊಸ ಎಳೆಯನ್ನು ಒಂದೊಂದಾಗಿ ಹೊಸೆದು ಸೇರಿಸುವುದು ಕಣ್ಣು ಸೋಲುವ ಕೆಲಸ. ಆರು ತಿಂಗಳು ಅವರು ಮನೆಯಿಂದ ಮನೆಗೆ ಹೋಗಿ ಅದನ್ನು ಮಾಡಿದರು. ಯಾವ ಮನೆಗೆ ಹೋದರೂ, ಅಲ್ಲಿನ ಹುಡುಗರು ನೇಯ್ದ ಅಂಚನ್ನು ನೋಡಿ ನಗೆಯಾಡಿ, ತಿದ್ದಿ ಬರುತ್ತಿದ್ದರು. ಆ ಬೇಸಿಗೆಯಲ್ಲಿ ಒಬ್ಬರೂ ಊರು ಬಿಡಲಿಲ್ಲ. ಬ್ಯಾಂಕಿನ ಯಾವ ದರ್ಜೆಯಲ್ಲೂ ಇದಕ್ಕೆ ಅಂಕಣವಿಲ್ಲ, ಇರಲೂ ಸಾಧ್ಯವಿಲ್ಲ. ಆದರೂ ಅತ್ತೆಯ ವ್ಯಾಪಾರ ಆ ಆರು ತಿಂಗಳು ನಿಂತದ್ದು ಇದರ ಮೇಲೂ ಹೌದು.

ಅತ್ತೆ ಐದನೇ ತಾರೀಖಿಗೆ ಬರತೊಡಗಿದರು. ಕಂತು ಪ್ರತಿ ತಿಂಗಳು ಐದಕ್ಕೋ ಆರಕ್ಕೋ ಒಳಗೆ ಬಿದ್ದಿತು, ಮಂಗಳವಾರ ಶುಕ್ರವಾರ ತಪ್ಪಿಸಿಯೇ. ಚಿತ್ರದುರ್ಗದವರು ಹತ್ತರಲ್ಲಿ ಮೂರು ಸೀರೆ ಕೊಳ್ಳುವ ಹಂತಕ್ಕೆ ಬಂದರು. ಭಾಯ್ ಕೊಟ್ಟ ಹಣ ಮತ್ತು ಇವರ ಹಣ ಬೇರೆ ಬೇರೆ ವಾರ ಬರುತ್ತಿದ್ದುದರಿಂದ ಖಾತೆ ಮಿತಿಯ ಅಂಚಿನಿಂದ ಸ್ವಲ್ಪ ಒಳಗೆ ಸರಿದು ನಿಂತಿತು. ಇವುಗಳನ್ನು ನಾನು ತಿಂಗಳು ತಿಂಗಳು ಡೈರಿಯ ಕೊನೆಯ ಪುಟದಲ್ಲಿ ಗುರುತು ಹಾಕಿಕೊಂಡೆ. ಅತ್ತೆಗೆ ತೋರಿಸಿದರೆ, "ನಿಂಗೆ ಬ್ಯಾರೆ ಕೆಲಸ ಇಲ್ವಾ?" ಎನ್ನುತ್ತಿದ್ದರು, ಆದರೆ ಮುಂದಿನ ತಿಂಗಳು ತಾವೇ ಕೇಳುತ್ತಿದ್ದರು.

ಜುಲೈನಲ್ಲಿ ಕಂತು ಕಟ್ಟಲು ಹೋದಾಗ ಮೇಡಂ ಕೌಂಟರಿನವರೆಗೆ ಎದ್ದು ಬಂದು, ದರ್ಜೆ ಐದಾಗಿದೆ, ಮಿತಿ ಏರಿಸಲು ಒಪ್ಪಿಗೆ ಬಂದಿದೆ ಎಂದರು. ಕೇಳಿದಷ್ಟು ಸಿಗಲಿಲ್ಲ, ಒಂದು ಮಗ್ಗಕ್ಕೆ ಸಾಕಾಗುವಷ್ಟು, ಅದರ ಮೇಲೆ ಸ್ವಲ್ಪ. ಅತ್ತೆ ಅವರ ಎರಡೂ ಕೈ ಹಿಡಿದುಕೊಂಡರು. ಹಿಂದೆ ಸಾಲಿನಲ್ಲಿದ್ದವರು ಬೇಗ ಬೇಗ ಎಂದು ಗೊಣಗುತ್ತಿದ್ದರು.

ನೂಲು ಬಂದ ಮೇಲಿನ ಭಾನುವಾರ ನಾನು ಮೊಳಕಾಲ್ಮೂರಿಗೆ ಹೋದೆ. ಹಿರಿಯ ನೇಕಾರರ ಮನೆಯಲ್ಲಿ ಜನ ತುಂಬಿದ್ದರು. ಉಳಿದ ಐದು ಮನೆಯವರೂ ಬಂದು, ಹಿರಿಯರ ಮಗ್ಗದ ಎರಡೂ ಬದಿ ಕೂತು ಎಳೆ ಕೂಡಿಸುತ್ತಿದ್ದರು. ಅವರನ್ನು ಮಾತ್ರ ಗೋಡೆಗೆ ಒರಗಿ ಕೂರಿಸಿ, ಏನೂ ಮುಟ್ಟಬಾರದೆಂದು ಕಟ್ಟಪ್ಪಣೆ ಮಾಡಿದ್ದರು. ಅವರು ಸುಮ್ಮನಿರದೆ ಕೂತಲ್ಲಿಂದಲೇ ಎಲ್ಲರನ್ನೂ ಬೈಯುತ್ತಿದ್ದರು.

"ಲೇ, ಗಂಟು ದಪ್ಪ ಆಯ್ತು ನೋಡೋ. ಸೀರೆ ಉಡೋರಿಗೆ ಕಾಣುತ್ತೆ."

"ನಿಮ್ಮ ಕಣ್ಣಿಗೆ ಅಲ್ಲಿಂದ ಕಾಣುತ್ತೇನ್ರಿ?" ಒಬ್ಬ ಹುಡುಗ ಕೇಳಿದ.

"ಕಣ್ಣಿಗೆ ಕಾಣಲ್ಲ. ನಿನ್ನ ಕೈ ನಂಗೊತ್ತು."

ಅತ್ತೆ ಒಳಗೆ ಎಲ್ಲರಿಗೂ ಅಡುಗೆ ಮಾಡುತ್ತಿದ್ದರು. ನನ್ನನ್ನೂ ಒಂದು ಕಡೆ ಕೂರಿಸಿದರು. ನಾನು ಕೂಡಿಸಿದ ಎಳೆಗಳಲ್ಲಿ ಅರ್ಧವನ್ನು ಪಕ್ಕದಲ್ಲಿದ್ದ ಹುಡುಗಿ ಮಾತಾಡದೆ ಬಿಚ್ಚಿ ಮತ್ತೆ ಕೂಡಿಸಿದಳು. ಸಂಜೆ ನಾಲ್ಕರ ಹೊತ್ತಿಗೆ ಕೊನೆಯ ಎಳೆ ಮುಗಿಯಿತು. ಹಿರಿಯರು ಎದ್ದು ಬಂದು, ಹಾಸಿನ ಮೇಲೆ ಅಂಗೈ ಆಡಿಸಿ ನೋಡಿ, ಏನೂ ಅನ್ನದೆ ಮಗ್ಗದ ಗುಂಡಿಯಲ್ಲಿ ಕಾಲಿಳಿಸಿ ಕೂತರು. ಲಾಳಿ ಎಸೆದರು. ಆರು ಮನೆಯವರೂ ನಾವೂ ಅಲ್ಲೇ ನಿಂತು ಮೊದಲ ಬೆರಳಗಲದ ನೇಯ್ಗೆ ಆಗುವವರೆಗೆ ನೋಡಿ, ಆಮೇಲೆ ಊಟಕ್ಕೆ ಕೂತೆವು.